ಕಲಿಸದೆ ಬಿಟ್ಟ ಸರ್ವ್

ಬೈಲಹೊಂಗಲದ ನಮ್ಮ ಹೈಸ್ಕೂಲಿನಲ್ಲಿ ಒಂದು ಟೇಬಲ್ ಟೆನ್ನಿಸ್ ಮೇಜು ಇದೆ ಎಂಬುದು, ನಾನು ಅಲ್ಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದು ಆರು ವರ್ಷವಾದ ಮೇಲೆ ಗೊತ್ತಾಯಿತು. ಅಷ್ಟು ದಿನ ಅದರ ಮೇಲೆ ಹಳೆಯ ಉತ್ತರ ಪತ್ರಿಕೆಗಳ ಗಂಟುಗಳಿದ್ದವು, ಗಂಟುಗಳ ಮೇಲೆ ನಮ್ಮ ಊಟದ ಡಬ್ಬಿಗಳಿದ್ದವು. ಒಂದು ದಿನ ರದ್ದಿಯವನು ಬಂದು ಗಂಟುಗಳನ್ನು ಒಯ್ದ. ಕೆಳಗೆ ಹಸಿರು ಬಣ್ಣ, ಅಂಚಿಗೆ ಬಿಳಿ ಗೆರೆ ಕಂಡಿತು.

ಹೆಡ್‌ಮಾಸ್ತರರು ನೋಡಿ, "ಇದು ಊಟದ ಟೇಬಲ್ ಅಲ್ಲೇನ್ರಿ?" ಅಂದರು.

ಅಲ್ಲ ಎಂದು ಹೇಳಬಲ್ಲವಳು ಇಡೀ ಸ್ಟಾಫಿನಲ್ಲಿ ನಾನೊಬ್ಬಳೇ. ಧಾರವಾಡದ ಹಾಸ್ಟೆಲ್ಲಿನಲ್ಲಿ ಐದು ವರ್ಷ ಈ ಆಟ ಆಡಿದ್ದೆ. ಅಲ್ಲ ಎಂದು ಹೇಳಿದೆ. ಹೇಳಿದ್ದಕ್ಕೆ ಅದರ ಜವಾಬ್ದಾರಿ ನನಗೇ ಬಂತು.

ಸಾಲಿ ಬಿಟ್ಟ ಮೇಲೆ ಹುಡುಗಿಯರಿಗೆ ಕಲಿಸಲು ಶುರು ಮಾಡಿದೆ. ನಾಲ್ಕೈದು ಜನ ಚೆನ್ನಾಗಿ ಆಡತೊಡಗಿದಾಗ ಅವರನ್ನು ಜಿಲ್ಲಾ ಪಂದ್ಯಕ್ಕೆ ಕಳಿಸಬೇಕೆಂದು ಪತ್ರ ಬರೆದೆ. ಜಿಲ್ಲೆಯವರು ಫೋನಿನಲ್ಲಿ ಬಹಳ ಸಮಾಧಾನದಿಂದ ಉತ್ತರ ಕೊಟ್ಟರು. ಒಂದು ಶಾಲೆಯನ್ನು ಪರಿಗಣಿಸಲು ಬರುವುದಿಲ್ಲ, ಸಂಘ ಬೇಕು. ಒಂದು ತಾಲೂಕಿನ ಸಂಘ ಸಾಲದು, ನಾಲ್ಕು ತಾಲೂಕು ಬೇಕು. ಸಂಘವಾದ ಮೇಲೆ ಒಂದು ಟೂರ್ನಮೆಂಟ್ ಮಾಡಿ ತೋರಿಸಬೇಕು. ಅದರಲ್ಲಿ ಮಹಿಳೆಯರ ವಿಭಾಗವೂ ಇರಬೇಕು, ಕನಿಷ್ಠ ನಾಲ್ಕು ಜನ ವಯಸ್ಕ ಮಹಿಳೆಯರು ಆಡಬೇಕು. ಇಷ್ಟೇ, ಬೇರೇನೂ ಇಲ್ಲ ಎಂದರು.

ನನ್ನ ತವರು ಸವದತ್ತಿ. ದೀಪಾವಳಿಗೆ ಹೋದಾಗ ಸಂಘದ ನಿಯಮಾವಳಿಯ ಪ್ರತಿ ತೆಗೆಸಲು ಒಂದು ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಪೂಜೆ, ಪಂಚಾಂಗದ ಮನೆತನದವರು. ಊರ ಮಂದಿ ಈಗಲೂ ಅವರನ್ನು ಶಾಸ್ತ್ರಿಗಳು ಎಂದೇ ಕರೆಯುತ್ತಾರೆ. ಪ್ರತಿ ತೆಗೆಯುವ ಮೊದಲು ನನ್ನ ಕಾಗದವನ್ನು ಪೂರ್ತಿ ಓದಿದರು.

"ನಮ್ಮಪ್ಪ ಮಂದಿ ಜಾತಕ ಓದತಿದ್ರು, ನಾ ಮಂದಿ ಅರ್ಜಿ ಓದತೇನಿ," ಎಂದರು. "ಕಾರ್ಯದರ್ಶಿ ಹೆಸರು ಖಾಲಿ ಬಿಟ್ಟೀರಿ."

"ಯಾರೂ ಸಿಕ್ಕಿಲ್ಲರಿ."

"ನನ್ನ ಹಂತ್ಯಾಕ ಝೆರಾಕ್ಸ್ ಮಶೀನ್ ಐತಿ. ಕಾರ್ಯದರ್ಶಿಗೆ ಮತ್ತೇನ ಬೇಕು?"

ಅವರಿಗೆ ಆಟ ಬರುತ್ತಿರಲಿಲ್ಲ. ನಿಯಮಾವಳಿಯಲ್ಲಿ ಬರಬೇಕೆಂದು ಬರೆದಿರಲೂ ಇಲ್ಲ. ಹೀಗೆ ಸವದತ್ತಿ ಸೇರಿತು. ರಾಮದುರ್ಗದ ಆಸ್ಪತ್ರೆಯಲ್ಲಿ ನನ್ನ ಮೌಶಿಯ ಮಗಳು, ಅಂದರೆ ಚಿಕ್ಕಮ್ಮನ ಕಡೆಯ ತಂಗಿ, ನರ್ಸ್ ಆಗಿದ್ದಳು. ಅವಳನ್ನು ಕೇಳಲಿಲ್ಲ, ಹೆಸರು ಬರೆದು ಆಮೇಲೆ ತಿಳಿಸಿದೆ. ಕಿತ್ತೂರಿನಿಂದ ಒಬ್ಬ ಟೆಂಪೊ ಡ್ರೈವರ್ ಸೇರಿದರು. ಸವದತ್ತಿಯಲ್ಲಿ ಶಾಸ್ತ್ರಿಗಳ ಅಂಗಡಿಗೆ ಕಾಗದದ ಬಂಡಲು ತಂದು ಹಾಕುತ್ತಿದ್ದವರು ಅವರೇ. ಅವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು.

ಭಾಯ್ ಇಲ್ಲದಿದ್ದರೆ ನಮ್ಮದು ಕಾಗದದ ಸಂಘವಾಗಿಯೇ ಇರುತ್ತಿತ್ತು. ನಾಲ್ಕು ತಾಲೂಕಿಗೆ ಇದ್ದದ್ದು ಒಂದೇ ಮೇಜು. ಹೆಡ್‌ಮಾಸ್ತರರಿಂದ ಲಿಖಿತ ಒಪ್ಪಿಗೆ ಪಡೆದು, ರವಿವಾರಕ್ಕೊಂದು ಊರಿನಂತೆ ಅದನ್ನು ತಿರುಗಿಸಿದೆವು. ಯಾವ ಊರು ಎಂಬುದನ್ನು ಸಂಘ ನಿರ್ಧರಿಸುತ್ತಿರಲಿಲ್ಲ, ಭಾಯ್‌ಗೆ ಸಿಕ್ಕ ಲೋಡು ನಿರ್ಧರಿಸುತ್ತಿತ್ತು. ಶನಿವಾರ ಅವರ ಫೋನು ಬರುತ್ತಿತ್ತು. "ಅಕ್ಕೋರ, ನಾಳೆ ರಾಮದುರ್ಗಕ್ಕ ಸಿಮೆಂಟ್ ಐತ್ರಿ. ಟೇಬಲ್ ತಯಾರ ಇಡ್ರಿ." ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಆ ಮೇಜು ಸಿಮೆಂಟಿನ ಮೇಲೆ, ಬೆಲ್ಲದ ಪೆಂಟಿಗಳ ಮೇಲೆ, ಗೋವಿನಜೋಳದ ಚೀಲಗಳ ಮೇಲೆ ಕೂತು ನಾಲ್ಕೂ ತಾಲೂಕು ನೋಡಿತು. ಬೆಲ್ಲದ ವಾರ ಅದಕ್ಕೆ ಇರುವೆ ಹತ್ತಿದ್ದವು. ಆ ದಿನ ಚೆಂಡಿಗಿಂತ ಇರುವೆಗಳ ಕಡೆಗೇ ಎಲ್ಲರ ಗಮನವಿತ್ತು.

ಚಳಿಗಾಲದ ಒಂದು ರವಿವಾರ ಟೆಂಪೊ ಬೈಲಹೊಂಗಲಕ್ಕೆ ಬಂದಾಗ ಮುಂದಿನ ಸೀಟಿನಿಂದ ಭಾಯ್ ಅವರ ಹೆಂಡತಿ ಇಳಿದರು. ನಲವತ್ತು ದಾಟಿದವರು, ಕಿತ್ತೂರಿನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದರು. ಭಾಯ್ ಅವರ ಹೆಂಡತಿಯಾದ್ದರಿಂದ ನಮಗೆಲ್ಲ ಅವರು ಭಾಬಿಯಾದರು.

"ಇವರು ಪ್ರತಿ ವಾರ ಪುಕ್ಕಟೆ ಏನ ಹೊರತಾರಂತ ನೋಡಾಕ ಬಂದೇನ್ರಿ," ಎಂದರು.

ಬೆಂಚಿನ ಮೇಲೆ ಕೂತು, ತಂದಿದ್ದ ಬ್ಲೌಸಿಗೆ ಹುಕ್ಕು ಹಚ್ಚುತ್ತ ಒಂದು ತಾಸು ಆಟ ನೋಡಿದರು. ಆಮೇಲೆ ನನ್ನನ್ನು ಕರೆದು, "ಚೆಂಡ ಯಾವ ಕಡೆ ತಿರಗತೈತಿ ಅಂತ ಈ ಹುಡುಗ್ಯಾರಿಗಿ ಕಾಣಂಗಿಲ್ಲೇನ್ರಿ?" ಎಂದು ಕೇಳಿದರು.

"ನಿಮಗ ಕಾಣತೈತೇನು?"

"ಅದರ ಮ್ಯಾಲ ಅಕ್ಷರ ಅದಾವಲ್ರಿ. ಅವು ತಿರಗೂದ ಕಾಣತೈತಿ."

ಹಾರುವ ಚೆಂಡಿನ ಮೇಲಿನ ಅಕ್ಷರ ನೋಡಿ ತಿರುವು ಹೇಳುವವರು ಇರುತ್ತಾರೆಂದು ಕೇಳಿದ್ದೆ. ಐದು ವರ್ಷ ಆಡಿದರೂ ನನಗೆ ಅದೆಂದೂ ಕಂಡಿರಲಿಲ್ಲ. ಬ್ಯಾಟು ಅವರ ಕೈಗೆ ಕೊಟ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರು. ಮೊದಲ ದಿನ ಹೊಡೆದ ಚೆಂಡುಗಳು ಎಲ್ಲೆಲ್ಲೋ ಹೋದವು. ಎರಡನೇ ವಾರ ಮೇಜಿನ ಮೇಲೆ ಬಿದ್ದವು. ಎರಡು ತಿಂಗಳಿಗೆ ಅವು ನಾನು ಇರದ ಕಡೆಗೆ ಬೀಳತೊಡಗಿದವು.

ನನಗೆ ಬಹಳ ಸಂತೋಷವಾಯಿತು. ಹಾಗಂತ ಎಲ್ಲರಿಗೂ ಹೇಳಿದೆ.

ಹಾಸ್ಟೆಲ್ಲಿನ ದಿನಗಳಲ್ಲಿ ಒಬ್ಬ ಸೀನಿಯರ್ ನನಗೊಂದು ಸರ್ವ್ ಕಲಿಸಿದ್ದಳು. ಬ್ಯಾಟು ಚೆಂಡನ್ನು ಕೆಳಗಿನಿಂದ ಸವರುತ್ತದೆ, ಸವರಿದ ಕೂಡಲೇ ಕೈಯನ್ನು ಮೇಲಕ್ಕೆ ಎತ್ತಬೇಕು. ಎದುರಿನವರು ಎತ್ತಿದ ಕೈ ನೋಡುತ್ತಾರೆ, ಚೆಂಡು ಮುಂದಕ್ಕೆ ಜಿಗಿಯುತ್ತದೆ ಅಂದುಕೊಳ್ಳುತ್ತಾರೆ. ಅವರ ಬ್ಯಾಟಿಗೆ ತಾಗಿದ ಚೆಂಡು ಸೀದಾ ನೆಟ್ಟಿಗೆ ಬೀಳುತ್ತದೆ. ಹುಡುಗಿಯರಿಗೂ ಭಾಬಿಗೂ ನಾನು ಎಲ್ಲ ಕಲಿಸಿದೆ, ಇದೊಂದನ್ನು ಬಿಟ್ಟು. ಮೊದಲು ತಳಪಾಯ ಗಟ್ಟಿಯಾಗಲಿ, ಇಂಥವೆಲ್ಲ ಆಮೇಲೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಶಿಕ್ಷಕಿಗೆ ಇಂಥ ಮಾತುಗಳು ಸಲೀಸಾಗಿ ಬರುತ್ತವೆ.

ಟೂರ್ನಮೆಂಟ್ ಬೇಸಿಗೆಯ ಒಂದು ರವಿವಾರ ಬೈಲಹೊಂಗಲದ ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಹಿಂದಿನ ದಿನದ ಮದುವೆಯ ಹೂವು ಇನ್ನೂ ವೇದಿಕೆಯ ಮೇಲಿತ್ತು. ಜಿಲ್ಲೆಯಿಂದ ಬಂದ ಪದಾಧಿಕಾರಿಗಳನ್ನು ಮದುಮಗನ ಕುರ್ಚಿಯಲ್ಲಿ ಕೂರಿಸಿದೆವು. ಬೇರೆ ಕುರ್ಚಿ ಇದ್ದವು, ಆದರೆ ಅವರು ತಾವಾಗಿಯೇ ಅದರ ಕಡೆ ನಡೆದರು. ಫ್ಯಾನು ಹಾಕಿದರೆ ಚೆಂಡು ಹಾರುತ್ತಿತ್ತು, ಆರಿಸಿದರೆ ಪದಾಧಿಕಾರಿಗಳು ಬೆವರುತ್ತಿದ್ದರು. ಅವರ ತಲೆಯ ಮೇಲಿನದೊಂದನ್ನು ಬಿಟ್ಟು ಉಳಿದವನ್ನು ಆರಿಸಿದೆವು.

ಅಂಪೈರ್ ಶಾಸ್ತ್ರಿಗಳೇ. ನಿಯಮದ ಪುಸ್ತಕವನ್ನು ಅವರಷ್ಟು ಗಮನವಿಟ್ಟು ಓದಿದವರು ಈ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಅವರದು ಒಂದೇ ಷರತ್ತು. "ಐತವಾರ ನಾಲ್ಕೂವರಿಗೆ ರಾಹುಕಾಲ ಕೂಡತೈತಿ. ಫೈನಲ್ ಅಷ್ಟರೊಳಗ ಮುಗಸ್ರಿ."

ಮಹಿಳೆಯರ ವಿಭಾಗಕ್ಕೆ ಜಿಲ್ಲೆಯವರು ಕೇಳಿದಷ್ಟೇ ಜನ ಬಂದಿದ್ದೆವು: ನಾನು, ಭಾಬಿ, ರಾಮದುರ್ಗದ ನನ್ನ ತಂಗಿ, ಮತ್ತು ಶಾಸ್ತ್ರಿಗಳ ಹೆಂಡತಿ. ಶಾಸ್ತ್ರಿಗಳ ಹೆಂಡತಿ ನನ್ನೆದುರು ಹತ್ತು ನಿಮಿಷದಲ್ಲಿ ಸೋತು, ಒಳ್ಳೆ ಕೆಲಸವಾಯಿತೆಂದು ಅಡುಗೆಯ ಕಡೆ ಹೋದರು. ತಂಗಿಯನ್ನು ಭಾಬಿ ಸೋಲಿಸಿದರು. ಮೂರೂವರೆಗೆ ಫೈನಲ್‌ನಲ್ಲಿ ಮೇಜಿನ ಆ ಕಡೆ ಭಾಬಿ, ಈ ಕಡೆ ನಾನು.

ಇದು ಸುಮ್ಮನೆ ಪ್ರದರ್ಶನದ ಆಟ, ಒಳ್ಳೆಯ ಮನಸ್ಸಿನಿಂದ ಆಡಬೇಕು ಎಂದು ನಾನೇ ಬೆಳಿಗ್ಗೆ ಭಾಷಣ ಮಾಡಿದ್ದೆ. ಎರಡು ಗೇಮ್ ನಾನು ಗೆದ್ದೆ, ಎರಡು ಅವರು ಗೆದ್ದರು. ಹನ್ನೊಂದಕ್ಕೆ ಮುಗಿಯಬೇಕಾದ ಐದನೆಯದರಲ್ಲಿ ಅವರು ಒಂಬತ್ತು, ನಾನು ಏಳು. ನನ್ನ ಹುಡುಗಿಯರು ಗೋಡೆಗೆ ಸಾಲಾಗಿ ಕೂತಿದ್ದರು. ಅವರಲ್ಲಿ ಅರ್ಧ ಜನ ಭಾಬಿಗೆ ಚಪ್ಪಾಳೆ ತಟ್ಟುತ್ತಿದ್ದರು. ಯಾವ ಅರ್ಧ ಎಂದು ಲಕ್ಷ್ಯವಿಟ್ಟು ನೋಡಿದೆ. ಅಷ್ಟರಲ್ಲಿ ಸರ್ವ್ ನನ್ನದಾಯಿತು.

ಹಾಸ್ಟೆಲ್ಲಿನ ಸರ್ವ್ ಹಾಕಿದೆ. ಚೆಂಡು ಅವರ ಬ್ಯಾಟಿಗೆ ತಾಗಿ ನೆಟ್ಟಿಗೆ ಬಿತ್ತು. ಭಾಬಿ ತಮ್ಮ ಬ್ಯಾಟನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ಇನ್ನೊಮ್ಮೆ ಹಾಕಿದೆ. ಮತ್ತೆ ನೆಟ್ಟು. ಒಂಬತ್ತು–ಒಂಬತ್ತು. ಅವರ ಸರ್ವಿನಲ್ಲಿ ಒಂದು ಅವರಿಗೆ, ಒಂದು ನನಗೆ. ಹತ್ತು–ಹತ್ತರಲ್ಲಿ ಸರ್ವ್ ಮತ್ತೆ ನನಗೆ ಬಂತು, ಮತ್ತೆ ಅದನ್ನೇ ಹಾಕಿದೆ, ಅದೂ ನೆಟ್ಟು. ಕೊನೆಯ ಪಾಯಿಂಟಿನಲ್ಲಿ ನನ್ನ ಹೊಡೆತ ಮೇಜಿನ ಅಂಚಿಗೆ ಸವರಿ ಕೆಳಗೆ ಬಿತ್ತು. ಅಂಚಿಗೆ ತಾಗಿದರೆ ಅದು ಅದೃಷ್ಟದ ಪಾಯಿಂಟು, ಎದುರಿನವರಿಗೆ ಕೈ ಎತ್ತಿ ಕ್ಷಮೆ ಕೇಳಬೇಕು ಎಂದು ನಾನೇ ಎಲ್ಲರಿಗೂ ಕಲಿಸಿದ್ದೆ. ಕೈ ಎತ್ತಿದೆ. ಅಂಚಿನ ಚೆಂಡಿಗೆ ಕ್ಷಮೆ ಕೇಳಿದೆ, ಆ ಮೂರು ಸರ್ವಿಗೆ ಕೇಳಲಿಲ್ಲ.

ಶಾಸ್ತ್ರಿಗಳು ಗಡಿಯಾರ ನೋಡಿ ನಾನು ಗೆದ್ದೆನೆಂದು ಘೋಷಿಸಿದರು. ಪದಾಧಿಕಾರಿಗಳು ಮದುಮಗನ ಕುರ್ಚಿಯಿಂದ ಎದ್ದು ಕಪ್ ಕೊಟ್ಟರು.

ಎಲ್ಲ ಮುಗಿದು ಮೇಜನ್ನು ಟೆಂಪೊಗೆ ಏರಿಸುವಾಗ ಭಾಬಿ ಹತ್ತಿರ ಬಂದರು.

"ಅಕ್ಕೋರ, ಆ ಮೂರು ಸರ್ವ್ ನೀವು ನಮಗ ಕಲಸಿದ್ದಿಲ್ಲರಿ."

"ಅದು ಮುಂದಿನ ಪಾಠದಾಗ ಇತ್ತರಿ," ಅಂದೆ.

"ಮೂರನೇದಕ್ಕ ಅಕ್ಷರ ಕಂಡಿದ್ವು. ಕೈ ತಡಾ ಆತು." ಟೆಂಪೊದ ಬಾಗಿಲು ಹಿಡಿದು, "ಹಂಗಾರ ಮುಂದಿನ ಪಾಠ ಯಾವಾಗರಿ?" ಎಂದರು.

ನೋಡೋಣ ಎಂದೆ. ಅವರು ಟೆಂಪೊ ಹತ್ತಿದರು.

ಮುಂದಿನ ವಾರ ಭಾಯ್ ಒಬ್ಬರೇ ಬಂದರು. ಕೇಳಿದ್ದಕ್ಕೆ, "ಮದವಿ ಸೀಜನ್ ಅಲ್ರಿ, ಬ್ಲೌಸ್ ಭಾಳ ಅದಾವ," ಎಂದರು. ಅದರ ಮುಂದಿನ ವಾರವೂ ಬ್ಲೌಸ್ ಬಹಳ ಇದ್ದವು. ಮೂರನೇ ವಾರ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಪ್ಪನ್ನು ಮನೆಯಲ್ಲಿ ಟಿ.ವಿ. ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ. ನನ್ನ ಯಜಮಾನರು ಬಂದ ನೆಂಟರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಎಷ್ಟು ಜನರಲ್ಲಿ ಮೊದಲ ನಂಬರು ಎಂದು ಒಬ್ಬ ನೆಂಟರು ಕೇಳಿದರು. ನಾನು ಚಹಾ ತರಲು ಎದ್ದೆ.

ನಾಲ್ಕನೇ ವಾರ ಬ್ಯಾಟು, ನಾಲ್ಕು ಚೆಂಡು ಚೀಲದಲ್ಲಿ ಹಾಕಿಕೊಂಡು ಕಿತ್ತೂರಿನ ಬಸ್ಸು ಹತ್ತಿದೆ. ಭಾಬಿ ಮನೆಯ ಪಡಸಾಲೆಯಲ್ಲಿ ಕಟಿಂಗ್ ಟೇಬಲ್ ಮುಂದೆ ನಿಂತಿದ್ದರು. ಬ್ಲೌಸ್ ನಿಜವಾಗಿಯೂ ಬಹಳ ಇದ್ದವು. ಅದು ನನಗೆ ಸ್ವಲ್ಪ ಧೈರ್ಯ ಕೊಟ್ಟಿತು.

"ಬರ್ರಿ ಅಕ್ಕೋರ, ಕುಂದರ್ರಿ. ಅಳತಿ ಕೊಡಾಕ ಬಂದ್ರೇನು?"

"ಪಾಠ ಮಾಡಾಕ ಬಂದೇನಿ."

ಅವರು ಕತ್ತರಿ ಕೆಳಗಿಟ್ಟರು. "ಮೊದಲ ಒಂದ ಮಾತ ಹೇಳ್ರಿ. ಯಾಕ ಕಲಸಿದ್ದಿಲ್ಲ?"

ದಾರಿಯುದ್ದಕ್ಕೂ ತಳಪಾಯದ ಮಾತನ್ನೇ ಜೋಡಿಸಿಕೊಂಡು ಬಂದಿದ್ದೆ. ಅವರ ಮುಖ ನೋಡಿದ ಮೇಲೆ ಅದನ್ನು ಹೇಳಲು ನಾಚಿಕೆಯಾಯಿತು.

"ಕಲಸಿದ್ರ ನೀವು ನನ್ನ ಸೋಲಸ್ತಿದ್ರಿ. ಅದಕ್ಕ."

"ಖರೇ? ನಾ ಸೋಲಸ್ತಿದ್ನಿ?" ಎಂದರು ಭಾಬಿ. ಮುಖ ಅರಳಿದ್ದನ್ನು ಮುಚ್ಚಲು ಬಟ್ಟೆಯ ತುಂಡುಗಳನ್ನು ಮಡಚತೊಡಗಿದರು. ಮಡಚುತ್ತಲೇ ಹೇಳಿದರು: "ಹೊಲಿಗಿ ಕಲಿಯಾಕ ಬರೋರಿಗಿ ನಾನೂ ಕಟಿಂಗ್ ಲಗೂನ ಹೇಳಿಕೊಡಂಗಿಲ್ಲ. ಹೇಳಿದ್ರ ನಾಳೆ ಬಾಜೂಕ ಅಂಗಡಿ ತಗೀತಾರ. ಆದ್ರ ನಾ ಹೊಟ್ಟಿಪಾಡಿಗೆ ಹಂಗ ಮಾಡತೇನ್ರಿ. ನೀವು ಸಂಘ ಅಂದ್ರಿ, ಸೇವಾ ಅಂದ್ರಿ, ಎಲ್ಲಾರೂ ಬರ್ರಿ ಅಂದ್ರಿ."

ತಪ್ಪಾಯಿತು ಎಂದೆ. ಅದನ್ನು ಗಟ್ಟಿಯಾಗಿ ಹೇಳಲಿಲ್ಲ, ಆದರೆ ಹೇಳಿದೆ.

ಅವರು ಕಟಿಂಗ್ ಟೇಬಲ್ ಖಾಲಿ ಮಾಡಿ, ನಡುವೆ ದಾರದ ರೀಲುಗಳನ್ನು ಸಾಲಾಗಿ ನಿಲ್ಲಿಸಿದರು. ಅದೇ ನೆಟ್ಟು. ನಾನು ಸರ್ವ್ ಹಾಕಿದೆ, ನಿಧಾನವಾಗಿ ಮತ್ತೆ ಹಾಕಿದೆ, ಅವರ ಮಣಿಕಟ್ಟು ಹಿಡಿದು ಎಲ್ಲಿ ಸವರಬೇಕೆಂದು ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ರೀಲುಗಳೆಲ್ಲ ನೆಲದ ಮೇಲಿದ್ದವು. ಬ್ಲೌಸ್ ಒಯ್ಯಲು ಬಂದ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತು ಏನು ನಡೆದಿದೆ ಎಂದು ಕೇಳಿದರು. "ಪಾಠ ನಡದೈತಿ, ನಾಳೆ ಬರ್ರಿ," ಎಂದರು ಭಾಬಿ. ಅವರು ಹೋಗಲಿಲ್ಲ, ಕೂತು ನೋಡಿದರು. ಅವರಲ್ಲೊಬ್ಬರು ಈಗ ನಮ್ಮ ಸಂಘದ ಕಿತ್ತೂರಿನ ಖಜಾಂಚಿ.

ಮಳೆಗಾಲದಲ್ಲಿ ಜಿಲ್ಲೆಯಿಂದ ಮಾನ್ಯತೆಯ ಪತ್ರ ಬಂತು. ಅದರಲ್ಲಿ "ಟೇಬಲ್" ಎಂಬ ಪದ ಬಿಟ್ಟುಹೋಗಿ ನಮ್ಮದು ಬರೀ ಟೆನ್ನಿಸ್ ಸಂಘವಾಗಿತ್ತು. ತಿದ್ದುಪಡಿಗೆ ಶಾಸ್ತ್ರಿಗಳು ಅರ್ಜಿ ಹಾಕಿದ್ದಾರೆ, ಹಾಕುತ್ತಲೇ ಇದ್ದಾರೆ. ಆದರೂ ಹುಡುಗಿಯರು ಜಿಲ್ಲಾ ಪಂದ್ಯಕ್ಕೆ ಹೋಗಿಬಂದರು, ಒಬ್ಬಳು ಎರಡನೇ ಸುತ್ತಿಗೆ ಹೋದಳು. ಸವದತ್ತಿ ತಾಲೂಕಿನ ಮನೋಳಿಯ ಸಾಲಿಯವರು ಸ್ವಂತದ್ದೊಂದು ಮೇಜು ತಂದರು. ಅಲ್ಲಿಗೆ ಶನಿವಾರ ನಾನು ಹೋಗುತ್ತೇನೆ. ಕಿತ್ತೂರಿನಲ್ಲಿ ಭಾಬಿ ಕಲಿಸುತ್ತಾರೆ. ಆ ಸರ್ವನ್ನು ಅವರು ಎರಡನೇ ದಿನವೇ ಹೇಳಿಕೊಡುತ್ತಾರೆ. ತಳಪಾಯ ಗಟ್ಟಿಯಾಗುವ ಮೊದಲು ಹೇಳಬಾರದು ಎಂದು ನಾನೊಮ್ಮೆ ಅಂದೆ. ಅವರು ನನ್ನನ್ನು ಸುಮ್ಮನೆ ನೋಡಿದರು. ನಾನು ಮತ್ತೆ ಅನ್ನಲಿಲ್ಲ.

ಈ ವರ್ಷದ ಟೂರ್ನಮೆಂಟು ರಾಮದುರ್ಗದಲ್ಲಾಯಿತು. ಮಹಿಳೆಯರ ವಿಭಾಗದಲ್ಲಿ ಹದಿನೇಳು ಜನ ಇದ್ದರು. ಭಾಬಿ ಗೆದ್ದರು. ನಾನು ಸೆಮಿಫೈನಲ್‌ನಲ್ಲಿ ನನ್ನ ತಂಗಿಗೆ ಸೋತೆ. ಹೆಸರು ಬರೆದು ಆಮೇಲೆ ತಿಳಿಸಿದ್ದೆನಲ್ಲ, ಅದೇ ತಂಗಿಗೆ. ಎಲ್ಲರೂ ಬಂದು, ನಿಮ್ಮ ಶಿಷ್ಯರೇ ಎಲ್ಲ, ನಿಮಗೆ ಎಷ್ಟು ಹೆಮ್ಮೆಯಾಗಿರಬೇಕು ಎಂದರು. ಹೌದು, ಆಗಿದೆ ಎಂದೆ. ಅದು ಸುಳ್ಳಲ್ಲ. ಆದರೆ ತಂಗಿಯ ಮನೆಯಲ್ಲಿ ಊಟಕ್ಕೆ ಕೂತಾಗ ನನ್ನನ್ನು ಸೋಲಿಸಿದ ಕೈಯಿಂದಲೇ ಅವಳು ಇನ್ನೊಂದು ರೊಟ್ಟಿ ಹಾಕಲು ಬಂದಳು, ಸಾಕು ಎಂದು ಕೈ ಅಡ್ಡ ಹಿಡಿದೆ. ಹಸಿವು ಇನ್ನೂ ಇತ್ತು.