ಅಟ್ಟದಲ್ಲಿ ಒಣಗಿದ ಸೋಪು

ಅರಸೀಕೆರೆಯಲ್ಲಿ ಹಿಂದೆ ಒಂದು ಬಟ್ಟೆ ಸೋಪು ತಯಾರಾಗುತ್ತಿತ್ತು. ಕೊಬ್ಬರಿ ಎಣ್ಣೆಯದು, ಇಟ್ಟಿಗೆಯಷ್ಟು ಗಟ್ಟಿ, ನೋಡಲು ಒಂದಿಷ್ಟೂ ಚಂದವಿಲ್ಲ. ನನ್ನ ಹೆಂಡತಿ ಅದನ್ನು ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ ವರ್ಷವೇ ಅವಳೂ ಹೋದಳು. ಅವಳು ಕೊನೆಯ ಸಲ ಉಟ್ಟು ಬಿಟ್ಟ ಸೀರೆಯನ್ನು ಒಗೆಯದೆ ಟ್ರಂಕಿನಲ್ಲಿಟ್ಟೆ. ಒಂಟಿತನ ತಡೆಯಲಾಗದಾಗ ತೆಗೆದು ಮೂಸುತ್ತಿದ್ದೆ. ವರ್ಷ ಕಳೆದಂತೆ ಅದರಲ್ಲಿದ್ದ ಸೋಪಿನ ವಾಸನೆ ತೆಳುವಾಗುತ್ತ ಬಂತು. ಅದೂ ಹೋದರೆ ನನಗೆ ಇನ್ನೇನೂ ಉಳಿಯುವುದಿಲ್ಲ ಎಂಬ ಭಯ ಹತ್ತಿತು.

ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತನಾದ ಮೇಲೆ ಹಳೇಬೀಡಿಗೆ ಹೋಗಿ, ಸೋಪಿನ ಹಳೆಯ ಯಜಮಾನರಿಂದ ಅದರ ಹೆಸರನ್ನೂ ಅಚ್ಚನ್ನೂ ಕೊಂಡೆ. ಅವರು ಬಸದಿಯ ಪಕ್ಕದ ಮನೆಯ ಜೈನ ವ್ಯಾಪಾರಿ, ಎಂಬತ್ತು ದಾಟಿದವರು. ಏನೇನು ಎಷ್ಟೆಷ್ಟು ಹಾಕಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ನನ್ನ ತಂಗಿ ಫೋನಿನಲ್ಲಿ ನಕ್ಕಳು.

"ಒಂದ್ ಸೋಪ್ ಬೇಕು ಅಂತ ಕಾರ್ಖಾನೇನೇ ಕೊಂಡ್ಯಾ ಅಣ್ಣ?"

ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಮೈ ಉರಿದುಹೋಯಿತು.

ಬಾಡಿಗೆ ಶೆಡ್ಡಿನಲ್ಲಿ ಇಬ್ಬರು ಹೆಂಗಸರನ್ನಿಟ್ಟುಕೊಂಡು ಚೀಟಿಯಂತೆಯೇ ಮಾಡಿದೆ. ಸೋಪು ಬಂತು, ವಾಸನೆ ಬರಲಿಲ್ಲ. ಮತ್ತೆ ಮಾಡಿದೆ, ಇಲ್ಲ. ಯಜಮಾನರು ಮೋಸ ಮಾಡಿದರೆಂದು ಸಿಟ್ಟು ನೆತ್ತಿಗೇರಿ, ಒಂದು ಸೋಪನ್ನು ಚೀಲಕ್ಕೆ ಹಾಕಿಕೊಂಡು ಹಳೇಬೀಡಿನ ಬಸ್ಸು ಹತ್ತಿದೆ.

ಅವರು ಮೂಸಿ, "ಎಲ್ಲಿ ಒಣಗಿಸಿದ್ರಿ?" ಎಂದರು.

"ಶೆಡ್ಡಲ್ಲೇ, ಫ್ಯಾನ್ ಹಾಕಿ."

"ಅದಕ್ಕೇ ಕಣ್ರೀ. ನಾವು ಅಟ್ಟದಲ್ಲಿ ತೆಂಗಿನಕಾಯಿ ಪಕ್ಕ ಜೋಡಿಸ್ತಿದ್ವಿ. ಕಾಯಿ ಒಣಗಿ ಕೊಬ್ಬರಿ ಆಗೋ ವಾಸ್ನೆ ಸೋಪಿಗೆ ಹತ್ತೋದು. ಎಲ್ರಿಗೂ ಗೊತ್ತಿರೋದೇ ಅಂತ ಬರೀಲಿಲ್ಲ."

ಅಟ್ಟದ ತುಂಬ ಕಾಯಿ ಹರಡುವ ಊರಿನಲ್ಲಿ ಹುಟ್ಟಿಯೂ ನನಗದು ಹೊಳೆದಿರಲಿಲ್ಲ. ಪಕ್ಕದ ಮನೆಯವರ ಅಟ್ಟ ಕೇಳಿ ಪಡೆದೆ. ಎರಡು ತಿಂಗಳ ಮೇಲೆ ಏಣಿ ಹತ್ತಿ ಒಂದು ಸೋಪು ಮೂಸಿದವನು ಅಲ್ಲೇ ಕೂತುಬಿಟ್ಟೆ. ಅದೇ ವಾಸನೆ. ಸಂತೆಯಲ್ಲಿ ವಯಸ್ಸಾದ ಹೆಂಗಸರು ಕಾಗದ ಬಿಡಿಸುವ ಮೊದಲೇ ಗುರುತು ಹಿಡಿದರು. "ಇಷ್ಟ್ ದಿನ ಎಲ್ಲೋಗಿತ್ತಪ್ಪಾ ಇದು?" ಎಂದು ಒಬ್ಬಾಕೆ ನಾಲ್ಕು ತೆಗೆದುಕೊಂಡಳು.

ಆ ಖುಷಿಯಲ್ಲಿ ಮನೆಗೆ ಬಂದು, ಹಿಂದೆಮುಂದೆ ನೋಡದೆ ಸೀರೆಯನ್ನು ಹೊಸ ಸೋಪಿನಲ್ಲಿ ಒಗೆದು ಹಿತ್ತಲಲ್ಲಿ ಹರವಿದೆ. ಸಂಜೆ ಮಡಚುವಾಗ ಮುಖಕ್ಕೆ ಒತ್ತಿಕೊಂಡೆ. ಸೋಪು ಘಮ್ಮೆನ್ನುತ್ತಿತ್ತು. ಅದರಡಿಯಲ್ಲಿ ಇನ್ನೊಂದು ವಾಸನೆ ಇತ್ತೆಂಬುದು, ಅದು ಇಲ್ಲವಾದಾಗಲೇ ನನಗೆ ತಿಳಿದದ್ದು. ಇಷ್ಟು ವರ್ಷ ನಾನು ಮೂಸುತ್ತಿದ್ದದ್ದು ಸೋಪನ್ನಲ್ಲ, ಅವಳನ್ನು. ನನ್ನ ಕೈಯಾರೆ ಒಗೆದುಬಿಟ್ಟಿದ್ದೆ.