ಹುಳ ಹಣ್ಣಾದ ದಿನ

ಮಾಗಡಿಯಿಂದ ಕಲ್ಯದ ಕಡೆಗೆ ಹೊರಟವನು ನೀರು ಕೇಳಲೆಂದು ಒಂದು ಮನೆಯ ಮುಂದೆ ಬೈಕು ನಿಲ್ಲಿಸಿದೆ. ಚೊಂಬು ಕೊಟ್ಟ ಲಕ್ಷ್ಮಮ್ಮ, "ಒಸಿ ಕೈ ಹಾಕಿ ಸಾಮಿ, ಹುಳ ಹಣ್ಣಾಗ್ಬುಟ್ಟೈತೆ" ಎಂದರು. ಹಣ್ಣಾದ ರೇಷ್ಮೆಹುಳು ಯಾರಿಗೂ ಕಾಯುವುದಿಲ್ಲ. ಸಂಜೆಯೊಳಗೆ ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರು ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನಲ್ಲೇ ಗೂಡು ಕಟ್ಟಿ ಬೆಳೆ ಕೆಡುತ್ತದೆ. ಆಗಲೇ ಅರ್ಧ ಊರು ಅಂಗಳದಲ್ಲಿ ಬಗ್ಗಿ ಕೂತಿತ್ತು.

ಒಂದೇ ತಟ್ಟೆಯ ಆಚೆ ಈಚೆ ಕೂತು ಆಯುತ್ತಿದ್ದ ಇಬ್ಬರು ಮಾತ್ರ ತುಟಿ ಬಿಚ್ಚಿರಲಿಲ್ಲ. ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು: "ನಾಳೆ ಡೇರಿ ಎಲೆಕ್ಷನ್ನು. ಈ ಮನೆ ನಂಜಪ್ಪಂಗೆ ಎದ್ರು ನಿಂತಿರೋನೇ ಆ ಕೆಂಪಯ್ಯ."

ಲಕ್ಷ್ಮಮ್ಮ ಕಾಫಿ ತಂದರು. ಕೆಂಪಯ್ಯ ಲೋಟ ಮುಟ್ಟಲಿಲ್ಲ. "ನಾನು ಬಂದಿರೋದು ಹುಳಕ್ಕೆ ಕಣವ್ವ, ನಿನ್ ಗಂಡಂಗಲ್ಲ."

ಸಂಜೆ ಹೊತ್ತಿಗೆ ಚಂದ್ರಿಕೆ ಸಾಲದೆ ಹೋಯಿತು. ಇನ್ನೂ ಎರಡು ತಟ್ಟೆ ಹುಳು ಉಳಿದಿತ್ತು. ಕೆಂಪಯ್ಯ ಎದ್ದು ನಡೆದರು. ಇಷ್ಟೇ ಇವರ ಸಹಾಯ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತಮ್ಮ ಮನೆಯ ನಾಲ್ಕು ಚಂದ್ರಿಕೆ ಹೊತ್ತು ತಂದರು. ಪ್ರತಿಯೊಂದರ ಮೇಲಂಚಿನಲ್ಲೂ ಅವರ ಹೆಸರು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿತ್ತು.

ಚಂದ್ರಿಕೆಗಳು ಅಂಗಳದಲ್ಲೇ ನಿಲ್ಲಬೇಕು, ನಾಳೆ ಮತ ಹಾಕಲು ಹೋಗುವವರೆಲ್ಲ ಅವುಗಳ ಮುಂದೆಯೇ ಹಾಯಬೇಕು. ನಂಜಪ್ಪ ಆ ಹೆಸರನ್ನು ಒಮ್ಮೆ ಓದಿದರು. ಮೊದಲ ಚಂದ್ರಿಕೆಗೆ ಹುಳು ಬಿಟ್ಟು, ಹೆಸರಿದ್ದ ಅಂಚನ್ನು ಕೆಳಗೆ ಮಾಡಿ ಗೋಡೆಗೆ ಒರಗಿಸಿದರು. ಆಮೇಲೆ ಕೆಂಪಯ್ಯನವರ ಮುಖ ನೋಡದೆಯೇ ಅವರತ್ತ ಕೈ ಚಾಚಿದರು.

"ಇನ್ನೊಂದು ಇತ್ಲಾಗ್ ಕೊಡ್ಲಾ."