ಹುಡುಗ ಹೇಳದ ನೋವು

ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯ ಒಂದು ಕ್ಲಿನಿಕ್ಕಿನಲ್ಲಿ, ಡಾಕ್ಟರ ಕೋಣೆಯೊಳಗೆ, ತೂಕದ ಯಂತ್ರದ ಪಕ್ಕ ನಾನು ನಿಂತಿದ್ದೆ. ಎರಡು ವರ್ಷದ ಹಿಂದಿನ ಆಷಾಢ, ಬುಧವಾರ, ಸಂಜೆ ಆರೂವರೆ. ಅಲ್ಲಿನ ರೂಢಿಯೇ ಹಾಗೆ: ಒಬ್ಬರನ್ನು ನೋಡುತ್ತಿರುವಾಗಲೇ ಮುಂದಿನ ಇಬ್ಬರನ್ನು ಒಳಗೆ ಕರೆದಿಟ್ಟುಕೊಳ್ಳುತ್ತಾರೆ. ನಾನು ಬಿ.ಪಿ. ತೋರಿಸಲು ಬಂದವನು. ಪಕ್ಕದ ಬೆಂಚಿನಲ್ಲಿ ಮಂಡಿನೋವಿಗೆ ಬಂದಿದ್ದ ಸಾರಕ್ಕಿಯ ಮಹಿಳೆಯೊಬ್ಬರು.

ಡಾಕ್ಟರ ಎದುರು ಹದಿನೈದರ ಹುಡುಗ, ಅವನ ತಂದೆ. ಹುಡುಗ ಮುಂದಕ್ಕೆ ಬಾಗಿ ಕುಳಿತಿದ್ದ.

"ಮಧ್ಯಾಹ್ನದಿಂದ ಹೊಟ್ಟೆ ನೋವಂತೆ ಸಾರ್. ಹೊರಗೆ ಏನೋ ತಿಂದಿರ್ತಾನೆ."

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಆಮೇಲೆ ತಂದೆಗೆ, "ನೀವು ಸ್ವಲ್ಪ ಹೊರಗಿರಿ" ಎಂದರು.

"ಯಾಕೆ ಸಾರ್? ನನ್ನೆದುರಿಗೇ ಕೇಳಿ."

"ಈ ವಯಸ್ಸಿನವರನ್ನ ಒಂಟಿಯಾಗೇ ಮಾತಾಡಿಸ್ತೀನಿ."

"ಏನ್ ಅನುಮಾನ ನಿಮಗೆ? ಹುಡುಗೀರ ಸಹವಾಸ ಗಿಹವಾಸ ನಮ್ಮನೇಲಿಲ್ಲ."

"ನಾನು ಆ ಮಾತೇ ಎತ್ತಿಲ್ವಲ್ಲ."

ತಂದೆ ತಿರುಗಿ ನೋಡುತ್ತಲೇ ಹೋದರು. ಡಾಕ್ಟರು ದನಿ ತಗ್ಗಿಸಿದರು. "ಹೊಟ್ಟೇನಾ, ಅದಕ್ಕಿಂತ ಕೆಳಗಾ? ನಾಚಿಕೆ ಬೇಡ. ನಿನ್ನ ಕೇಳದೆ ಯಾರಿಗೂ ಹೇಳಲ್ಲ."

ಹುಡುಗ ನನ್ನನ್ನು ನೋಡಿದ, ಆ ಮಹಿಳೆಯನ್ನು ನೋಡಿದ. "ಏನಿಲ್ಲ ಸಾರ್. ಈಗ ಕಡಿಮೆ ಆಯ್ತು." ಹಣೆಯೆಲ್ಲ ಬೆವರಿತ್ತು.

ತಂದೆಯನ್ನು ಕಳಿಸಿದವರು ನಮ್ಮನ್ನು ಮರೆತಿದ್ದರು. ಆ ಜಾಗದಲ್ಲಿ ಯಾವಾಗಲೂ ಯಾರೋ ಇಬ್ಬರು ಇದ್ದೇ ಇರುತ್ತಾರಲ್ಲ. ಡಾಕ್ಟರು ಮಾತ್ರೆ ಬರೆಯಲು ಪೆನ್ನು ತೆಗೆದರು.

"ಡಾಕ್ಟ್ರೇ, ನಾವೇನ್ ಗೋಡೇನಾ?" ಮಹಿಳೆ ಮಂಡಿ ಹಿಡಿದುಕೊಂಡು ಎದ್ದರು. "ಮಗು ಹೇಗ್ ಹೇಳುತ್ತೆ? ಬನ್ನಿ ಸಾರ್, ಹೊರಗೋಗೋಣ."

ಹೊರಗೆ ತಂದೆ ನನ್ನ ದಾರಿಗೆ ಅಡ್ಡ ನಿಂತರು. "ಏನ್ ಕೇಳಿದ್ರು?"

"ಅವನು ಏನೂ ಹೇಳ್ಲಿಲ್ಲ."

"ಒಳಗೇ ಇದ್ರಲ್ಲ ನೀವು."

ನಾನು ಏನನ್ನೋ ಬಚ್ಚಿಡುತ್ತಿದ್ದೇನೆ ಎಂಬಂತೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಐದಾರು ನಿಮಿಷದ ಮೇಲೆ ಡಾಕ್ಟರು ಅವರನ್ನು ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಕೇಳಬಾರದಿತ್ತು, ಕೇಳಿಸಿತು.

"ಅವನ ಒಪ್ಪಿಗೆ ತಗೊಂಡೇ ಹೇಳ್ತಿದೀನಿ. ನೋವು ಹೊಟ್ಟೇದಲ್ಲ. ವೃಷಣ ತಿರುಚಿಕೊಂಡಿದೆ, ರಕ್ತ ಹೋಗ್ತಿಲ್ಲ. ಈಗಲೇ ಆಪರೇಷನ್ ಆಗ್ಬೇಕು, ತಡ ಆದ್ರೆ ತೆಗೀಬೇಕಾಗುತ್ತೆ."

"ಏನ್ ಮಾಡ್ಕೊಂಡ ಇವ್ನು?"

"ಏನೂ ಮಾಡ್ಕೊಂಡಿಲ್ಲ. ಮಲಗಿದ್ದವರಿಗೂ ಆಗುತ್ತೆ. ಆಸ್ಪತ್ರೆಗೆ ಫೋನ್ ಮಾಡಿದೀನಿ, ಹೊರಡಿ."

ಹುಡುಗ ಗೋಡೆ ಹಿಡಿದುಕೊಂಡು ಆಟೋವರೆಗೆ ನಡೆದ.

ಕೆಲವು ವಾರಗಳ ನಂತರ ತರಕಾರಿ ಅಂಗಡಿಯಲ್ಲಿ ತಂದೆ ಸಿಕ್ಕಿದರು. "ಆಪರೇಷನ್ ಆಯ್ತು. ಉಳೀತು," ಎಂದರು. ಆಮೇಲೆ ಕೇಳಿದರು, "ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಆ ಆಂಟಿ?"

ನನಗೆ ಗೊತ್ತಿಲ್ಲವೆಂದೆ. ಅವರು ನಂಬಲಿಲ್ಲ. ಈಗಲೂ ನನ್ನನ್ನು ಕಂಡರೆ ರಸ್ತೆ ದಾಟಿಬಿಡುತ್ತಾರೆ.

ಡಾಕ್ಟರು ಹೋದ ವರ್ಷ ತೀರಿಕೊಂಡರು. ಹುಡುಗ "ಏನಿಲ್ಲ" ಎಂದಾಗ ಆ ಕೋಣೆಯಲ್ಲಿದ್ದವರಲ್ಲಿ ಈಗ ಉಳಿದಿರುವವರು ನಾನು, ಸಾರಕ್ಕಿಯ ಆ ಮಹಿಳೆ, ಮತ್ತು ಆ ಹುಡುಗ.